ಅವ್ವ ಬಿಚ್ಚಗೊಡದ ಲಾಡಿ

"ಆ ಕಾಲದಾಗ ನಮ್ಮೂರಾಗ ಹಿಂದೂ ಯಾರು, ಸಾಬರು ಯಾರು ಅಂತ ದೇವರಿಗೂ ಗೊತ್ತಾಗ್ತಿದ್ದಿಲ್ರಿ" ಎಂದು ಅಪ್ಪ ಶುರು ಮಾಡಿದನೆಂದರೆ ಕೇಳುವವರು ಕುಳಿತಲ್ಲೇ ಕರಗುತ್ತಾರೆ. ಈ ನವೆಂಬರಿನಲ್ಲಿ ಕನ್ನಡದ ಸೀಮೆಗಳೆಲ್ಲ ಒಂದಾದ ಸಂಭ್ರಮಕ್ಕೆ ಲಿಂಗಸುಗೂರಿನಲ್ಲಿ ಸಭೆ ಸೇರಿತ್ತಲ್ಲ, ಅಲ್ಲಿಯೂ ಅಪ್ಪ ಇದೇ ಕಥೆ ಹೇಳಿದ. ಎಂಟು ವರ್ಷದ ಹಿಂದೆ, ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಇನ್ನೂ ಧೂಳು ಕೂತಿರಲಿಲ್ಲವಂತೆ. ಸುತ್ತಲಿನ ಎಷ್ಟೋ ಊರುಗಳಲ್ಲಿ ಆ ವರ್ಷ ಮೊಹರಮ್ಮಿನ ಅಲಾಯಿ ದೇವರು ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲವಂತೆ. ನಮ್ಮೂರಲ್ಲಿ ಮಾತ್ರ ಗೌಡರೇ ಬಂಡಿಯಲ್ಲಿ ಹೋಗಿ, ಹೆದರಿ ಊರು ಬಿಟ್ಟಿದ್ದ ಮುಲ್ಲಾನನ್ನು ಮರ್ಯಾದೆಯಿಂದ ಕರೆತಂದು, ಹಿಂದೆಂದೂ ಆಗದಷ್ಟು ಚಂದಾಗಿ ಹಬ್ಬ ಮಾಡಿದರಂತೆ. ನನ್ನ ಪಕ್ಕ ಕುಳಿತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಭೆ ಚಪ್ಪಾಳೆ ತಟ್ಟಿತು.

ಅಪ್ಪ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನೇ ಸಾಕ್ಷಿ. ಆ ಬಂಡಿಯಲ್ಲಿ ನಾನೂ ಇದ್ದೆ, ಬಂಡಿ ಹೊಡೆದವನು ಅಪ್ಪನೇ. ಆದರೆ ಗುಲ್ಬರ್ಗದ ಸೋದರಮಾವನ ಮನೆಯಲ್ಲಿದ್ದು ಓದುವಾಗ ಅಲ್ಲಿನ ಚರ್ಚಾಕೂಟದಲ್ಲಿ ನನಗೆ ಮೊದಲು ಕಲಿಸಿದ ಪಾಠ ಇದು: ಎದುರಿನವರ ಮಾತಿನಲ್ಲಿ ಸುಳ್ಳು ಹುಡುಕುತ್ತ ಹೊತ್ತು ಕಳೆಯಬೇಡ, ಅವರು ಎಲ್ಲಿ ಮಾತು ನಿಲ್ಲಿಸಿದರೋ ಅದನ್ನು ನೋಡು. ಅಪ್ಪ ಪ್ರತಿ ಸಲವೂ ಹಬ್ಬದ ಕೊನೆಯ ದಿನಕ್ಕೆ ನಿಲ್ಲಿಸುತ್ತಾನೆ. ದೇವರು ಹಳ್ಳಕ್ಕೆ ಹೋದವು, ಊರಿನವರೆಲ್ಲ ಶರಬತ್ತು ಕುಡಿದರು, ಮುಗಿಯಿತು.

ಮುಗಿದಿರಲಿಲ್ಲ. ನನ್ನ ಕೊರಳಲ್ಲಿ ಲಾಡಿ ಇನ್ನೂ ಇತ್ತು.

ಲಾಡಿ ಎಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಅಲಾಯಿ ಹಬ್ಬದಲ್ಲಿ ಮಕ್ಕಳನ್ನು ಫಕೀರರನ್ನಾಗಿ ಮಾಡುವ ಹರಕೆ ನಮ್ಮ ಕಡೆ ಎಲ್ಲ ಜಾತಿಯವರಲ್ಲೂ ಇದೆ. ಕೆಂಪು, ಹಸಿರು, ಹಳದಿ ನೂಲನ್ನು ಹೊಸೆದು ಮುಲ್ಲಾ ಕೊರಳಿಗೆ ಕಟ್ಟುತ್ತಾನೆ, ಅದೇ ಲಾಡಿ. ಅದು ಕೊರಳಲ್ಲಿರುವ ತನಕ ಕಾಲಿಗೆ ಕೆರವಿಲ್ಲ, ಮಲಗಲು ಹೊರಸಿಲ್ಲ, ತಲೆಗೆ ಎಣ್ಣೆಯಿಲ್ಲ. ಜೋಳಿಗೆ ಹಾಕಿಕೊಂಡು ಮನೆಮನೆ ಬೇಡಬೇಕು. ಹಬ್ಬ ಮುಗಿದ ಮೂರನೆಯ ದಿನ, ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು. ಬೇರೆ ಯಾರಾದರೂ ಮುಟ್ಟಿದರೆ ಹರಕೆ ಮುರಿದವರ ಮನೆಗೇ ತಿರುಗಿ ಬೀಳುತ್ತದೆ. ನಮ್ಮೂರಲ್ಲಿ ಇದನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ನನಗೆ ಈ ಹರಕೆ ಅಂಟಿದ್ದು ಹೊಳೆಯಾಚೆ. ರಜಾಕಾರರ ಹಾವಳಿಗೆ ಹೆದರಿ, ಕಾರ್ಯಾಚರಣೆಗೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳವರು ನಿಜಾಮನ ಸೀಮೆ ದಾಟಿ ಹೋಗಿದ್ದೆವು. ಅಪ್ಪನ ಕಿರಾಣಿ ಅಂಗಡಿಯ ಬಾಗಿಲು ಮುರಿದು ಲೂಟಿ ಮಾಡಿದ್ದರು. ಹೊಳೆಯಾಚೆಯ ತಗಡಿನ ಚಪ್ಪರದಲ್ಲಿ ನನಗೆ ಚಳಿಜ್ವರ ಬಂದು ಕಣ್ಣು ಮೇಲಾದಾಗ ಅವ್ವ ಅಲಾಯಿ ದೇವರಿಗೆ ಹರಕೆ ಹೊತ್ತಳು. ಅವಳು ಲಿಂಗಪೂಜೆ ಮಾಡದೆ ನೀರು ಮುಟ್ಟದ ಹೆಂಗಸು. ಅಪ್ಪನಿಗೆ ರೇಗಿತು.

"ಯಾರ ಅಂಜಿಕಿಗೆ ಇಲ್ಲಿಗೆ ಓಡಿ ಬಂದೀವಿ, ಯಾರಿಗೆ ಹರಕಿ ಹೊತ್ತೀಬೇ ನೀ?"

"ಓಡಿ ಬಂದದ್ದು ಮಂದಿಗೆ ಅಂಜಿ. ಹರಕಿ ಹೊತ್ತದ್ದು ದೇವರಿಗೆ. ಪಾಪ, ಅಂವಾ ಏನು ಮಾಡ್ಯಾನ?"

ಜ್ವರ ಬಿಟ್ಟಿತು. ಹರಕೆಯಿಂದ ಬಿಟ್ಟಿತೆಂದು ನಾನು ಹೇಳಲಾರೆ. ಆ ಚಪ್ಪರದಲ್ಲಿ ಸರ್ಕಾರದ ಡಾಕ್ಟರನೊಬ್ಬ ಕಹಿ ಗುಳಿಗೆಯನ್ನೂ ಕೊಡುತ್ತಿದ್ದ. ಅವ್ವ ಗುಳಿಗೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸೈನ್ಯ ಬಂತು, ನಿಜಾಮನ ಆಳಿಕೆ ಹೋಯಿತು, ನಾವು ತಿರುಗಿ ಬಂದೆವು. ಬರುವಷ್ಟರಲ್ಲಿ ಹೋಗುವ ಸರದಿ ಇನ್ನೊಬ್ಬರದಾಗಿತ್ತು. ಊರಿನಲ್ಲಿದ್ದ ನಾಲ್ಕಾರು ಮುಸಲ್ಮಾನರ ಮನೆಗಳಿಗೆ ಬೀಗ ಬಿದ್ದಿತ್ತು. ಯಾರು ಏನು ಮಾಡಿದರು ಎಂದು ಮಕ್ಕಳ ಮುಂದೆ ಯಾರೂ ಹೇಳುತ್ತಿರಲಿಲ್ಲ. ಮುಲ್ಲಾ ಮಾಬುಸಾಬನೂ ಅವನ ಹೆಂಡತಿ ಖಾಸೀಂಬಿಯೂ ಪಾಮನಕಲ್ಲೂರಿನ ಬೀಗರ ಮನೆ ಸೇರಿದ್ದರು. ಅವರನ್ನು ನಾನು ಮಾಮಾ, ಅತ್ತಿ ಎಂದೇ ಕರೆಯುತ್ತಿದ್ದೆ, ಏಕೆಂದರೆ ಅವ್ವ ಅವನಿಗೆ ಅಣ್ಣಾ ಅನ್ನುತ್ತಿದ್ದಳು. ನಾವು ಹೊಳೆಯಾಚೆ ಇದ್ದಷ್ಟು ದಿನ ನಮ್ಮ ಎಮ್ಮೆಗೆ ಮೇವು ಹಾಕಿ, ಕರೆದು, ಕರುವನ್ನು ಉಳಿಸಿದ್ದು ಖಾಸೀಂಬಿ ಅತ್ತಿ. ನಾವು ಬಂದಾಗ ಎಮ್ಮೆ ನಮ್ಮ ಗೊಂತಿನಲ್ಲಿತ್ತು, ಅತ್ತಿ ಇರಲಿಲ್ಲ. ಅವರ ಮನೆಯಲ್ಲಿ ಗೌಡರ ತಮ್ಮ ಸಣ್ಣಗೌಡ ಮೇವು ಒಟ್ಟಿದ್ದ. ಮಸೂತಿಯ ಸೇವೆಗೆಂದು ಮುಲ್ಲಾನಿಗಿದ್ದ ಇನಾಮಿನ ಹೊಲದಲ್ಲೂ ಅವನದೇ ಬಿಳಿಜೋಳ ಮೊಳಕಾಲೆತ್ತರ ಬೆಳೆದಿತ್ತು.

ಆ ವರ್ಷ ದೀಪಾವಳಿಯ ಅಮಾವಾಸ್ಯೆ ಕಳೆದು ಮೂಡಿದ ಚಂದ್ರನೇ ಅಲಾಯಿ ಚಂದ್ರ. ಪಾಡ್ಯಕ್ಕೆ ಮಾಡಿಟ್ಟ ಆಕಳ ಸಗಣಿಯ ಪಾಂಡವರ ಗೊಂಬೆಗಳು ಅಂಗಳದಲ್ಲಿ ಇನ್ನೂ ಒಣಗುತ್ತಿದ್ದಾಗಲೇ ಹಬ್ಬದ ಮಾತು ಎದ್ದಿತು. ಮಸೂತಿಯ ಮುಂದೆ ಬೆಂಕಿಯ ಕುಣಿ ತೋಡಲು ಗುದ್ದಲಿ ಹಾಕಬೇಕು, ಗುದ್ದಲಿಯ ಮುಂದೆ ಸಕ್ಕರೆಯಿಟ್ಟು ಮುಲ್ಲಾ ಪ್ರಾರ್ಥನೆ ಓದಬೇಕು, ಅದೇ ಓದಿಕೆ. ಮುಲ್ಲಾ ಇಲ್ಲ. ಕಟ್ಟೆಯ ಮೇಲೆ ಹಿರಿಯರು ಕುಳಿತರು. ಮಸ್ಕಿಯಿಂದ ಬೇರೊಬ್ಬನನ್ನು ಕರೆಸೋಣವೆಂದು ಯಾರೋ ಅಂದರು. ಗೌಡರು ತಲೆಯಾಡಿಸಿದರು.

"ನಮ್ಮ ದೇವರಿಗೆ ಆ ಮನಿತನದ ಓದಿಕಿನ ಗೊತ್ತು. ಬ್ಯಾರೆಯವ ಓದಿದ್ರ ದೇವರು ಏಳೂದಿಲ್ಲ. ನಮ್ಮ ಮುತ್ಯಾನ ಕಾಲದಾಗ ಒಮ್ಮೆ ಹಂಗ ಆಗಿತ್ತು, ಊರಾಗ ದನಾ ಸತ್ತುವು."

ಅಲಾಯಿ ದೇವರೆಂದರೆ ಬೆಳ್ಳಿ, ಹಿತ್ತಾಳೆಯ ಹಸ್ತಗಳು. ವರ್ಷವಿಡೀ ಅವು ಗೌಡರ ಮನೆಯ ಅಟ್ಟದಲ್ಲಿ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಗೌಡರಿಗೆ ನಿಜವಾಗಿ ಭಯವಿತ್ತು. ಆ ಭಯವನ್ನು ನಾನು ನಂಬುತ್ತೇನೆ.

ಮಾರನೆಯ ದಿನ ನಮ್ಮ ಬಂಡಿ ಪಾಮನಕಲ್ಲೂರಿಗೆ ಹೊರಟಿತು. ಗೌಡರು ಜಮಖಾನದ ಮೇಲೆ, ಅಪ್ಪ ನೊಗದ ಹತ್ತಿರ, ಹಿಂದೆ ನಾನು. ನನ್ನನ್ನು ಹತ್ತಿಸಿದವಳು ಅವ್ವ. "ಮುಲ್ಲಾ ಬರಲಿಕ್ಕಿಲ್ಲ ಅಂದ್ರ ಇದರ ಮಾರಿ ತೋರಿಸ್ರಿ, ಬರ್ತಾನ" ಎಂದು ಅಪ್ಪನಿಗೆ ಹೇಳಿದ್ದು ಕೇಳಿಸಿತು.

ಬೀಗರ ಮನೆಯ ಬೇವಿನ ಕೆಳಗೆ ಮಾಮ ಪುಂಡಿನಾರಿನ ಹಗ್ಗ ಹೊಸೆಯುತ್ತ ಕುಳಿತಿದ್ದ. ಗಡ್ಡ ಮೊದಲಿಗಿಂತ ಬೆಳ್ಳಗಾಗಿತ್ತು. ಅತ್ತಿ ಓಡಿ ಬಂದು ನನ್ನ ಗಲ್ಲ ಹಿಡಿದು ಮೊದಲು ಕೇಳಿದ್ದು, "ಎಮ್ಮಿ ಹೆಂಗೈತಿ ಗಿರಿಜಾ? ಕರ ಹುಲ್ಲು ಕಡೀತೈತಿ?" ಆಮೇಲೆ ನಮ್ಮ ಯೋಗಕ್ಷೇಮ. ನನ್ನ ಜ್ವರ, ಅವ್ವನ ಹರಕೆ ಎಲ್ಲ ನಾನು ಹೇಳಿದೆ.

ಗೌಡರು ಬಂಡಿಯಿಂದ ಇಳಿಯದೆ ಮಾತು ತೆಗೆದರು. "ಮಾಬುಸಾಬ, ಬಾ ಊರಿಗೆ. ದೇವರು ಪೆಟಗ್ಯಾಗ ಕುಂತಾವ."

"ನಾ ಎಲ್ಲಿ ಕೂಡ್ಲಿ ಗೌಡ್ರ?" ಮಾಮ ಹಗ್ಗದಿಂದ ಕಣ್ಣೆತ್ತಲಿಲ್ಲ.

"ಎಲ್ಲಿ ಅಂದ್ರ? ಮಸೂತ್ಯಾಗ."

"ಮಸೂತಿ ದೇವರದು. ನಂದೊಂದು ಮನಿ ಇತ್ತಲ್ರಿ ಅಲ್ಲಿ."

ಗೌಡರು ಮೀಸೆ ಸವರಿಕೊಂಡರು. "ಹಬ್ಬ ಒಂದು ಸುಸೂತ್ರ ಆಗ್ಲಿ. ಆ ಮ್ಯಾಲ ಕೂತು ಮಾತಾಡೂಣು."

"ಮಾತಾಡೂದು ಏನೈತ್ರಿ? ಮನಿ ಹೌದು, ಇಲ್ಲ ಅನ್ರಿ."

ಅಪ್ಪ ಎತ್ತಿನ ಕೊರಳ ಹಗ್ಗ ಸರಿಮಾಡತೊಡಗಿದ. ಅದು ಸರಿಯಾಗಿಯೇ ಇತ್ತು. ಗೌಡರು ಮೇಲೆ ಹೊತ್ತು ನೋಡಿದರು. ಆಗ ಅತ್ತಿ ನನ್ನ ಬೆನ್ನ ಮೇಲೆ ಕೈಯಿಟ್ಟು, "ಈಕಿ ಹರಕಿ ಐತಂತ ರೀ. ಕೂಸಿನ ಋಣ ಯಾಕ ಇಟ್ಕೋಬೇಕು" ಅಂದಳು. ಮಾಮ ನನ್ನನ್ನು ಬಹಳ ಹೊತ್ತು ನೋಡಿದ. ಹಗ್ಗ ಸುತ್ತಿಟ್ಟು ಎದ್ದ.

ಇಲ್ಲಿಂದ ಅಪ್ಪನ ಕಥೆ ನೂರಕ್ಕೆ ನೂರು ನಿಜ. ಊರ ಅಗಸಿಯಲ್ಲಿ ಹಲಗೆ ಬಾರಿಸಿದರು. ಹೆಂಗಸರು ಮಾಮನ ಕಾಲಿಗೆ ನೀರು ಹಾಕಿದರು, ಕೆಲವರು ಅತ್ತಿಯನ್ನು ತಬ್ಬಿ ಅತ್ತರು. ಆ ಅಳು ನಾಟಕವಲ್ಲ. ಆದರೆ ಅವರಿಬ್ಬರ ಗಂಟುಮೂಟೆ ಇಳಿದದ್ದು ಮಸೂತಿಯ ಪಕ್ಕದ ಮುರುಕು ಕೋಣೆಯಲ್ಲಿ. ತಮ್ಮ ಮನೆಯ ಮುಂದೆ ಹಾಯುವಾಗ ಅತ್ತಿ ಬಾಗಿಲ ಸಂದಿಯಿಂದ ಹೊರಚಾಚಿದ್ದ ಮೇವನ್ನು ನೋಡಿದಳು. ಕೈಗೆ ಸಿಕ್ಕ ಎರಡು ಕಣಿಕೆ ಕಿತ್ತು ನೆಲಕ್ಕೆ ಎಸೆದು ಮುಂದೆ ನಡೆದಳು.

ಮಾಮ ನನ್ನ ಕೊರಳಿಗೆ ಲಾಡಿ ಕಟ್ಟಿದಾಗ ಲೋಬಾನದ ಹೊಗೆಗೆ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಕೊರಳಲ್ಲಿ ಅದಾಗಲೇ ಬೆಳ್ಳಿಯ ಲಿಂಗದ ಕಾಯಿ ಇತ್ತು. ಎರಡೂ ತೊಡಕಬಾರದೆಂದು ಅವ್ವ ಒಂದನ್ನು ಅಂಗಿಯ ಒಳಗೆ ಬಿಟ್ಟು ಒಂದನ್ನು ಹೊರಗೆ ಬಿಟ್ಟಳು. "ಇಬ್ಬರೂ ಜಗಳಾಡಬ್ಯಾಡ್ರಿ" ಎಂದು ದೇವರುಗಳಿಗೇ ಬುದ್ಧಿ ಹೇಳಿದಳು.

ಹಬ್ಬದ ಆ ದಿನಗಳನ್ನು ನೆನೆದರೆ ನನ್ನ ವಾದವೆಲ್ಲ ಸಡಿಲಾಗುತ್ತದೆ. ಗೋಧಿಹಿಟ್ಟಿಗೆ ಬೆಲ್ಲದ ನೀರು ಹಾಕಿ ನಾದಿ, ಬಾಚಣಿಕೆಯ ಹಲ್ಲಿನಿಂದ ಗೀರು ಎಳೆದು ಕರಿಯುವ ಚೊಂಗೆಯ ವಾಸನೆ ಓಣಿಯ ತುಂಬ. ಲಿಂಗಾಯತರ ಮನೆಯ ಚೊಂಗೆ, ಕುರುಬರ ಮನೆಯ ಚೊಂಗೆ, ಬಡಿಗೇರರ ಮನೆಯ ಚೊಂಗೆ, ಎಲ್ಲವೂ ಬಿದಿರ ಪುಟ್ಟಿಯಲ್ಲಿ ಮಸೂತಿಗೆ ಬಂದು ಒಂದೇ ರಾಶಿಯಾಗುತ್ತಿದ್ದವು. ಅತ್ತಿ ತಿರುಗಿ ಹಂಚುವಾಗ ಯಾರ ಮನೆಯದು ಯಾರ ಬಾಯಿಗೆ ಹೋಯಿತೋ ಕೇಳುವವರಿಲ್ಲ. ಬೇರೆ ದಿನಗಳಲ್ಲಿ ಕೇಳುತ್ತಿದ್ದರು, ಅದು ಬೇರೆ ಮಾತು. ಮೈಗೆ ಹಳದಿ ಬಳಿದುಕೊಂಡ ಹುಲಿವೇಷದವನು ಅಪ್ಪನ ಅಂಗಡಿಗೆ ಬಂದು ಗರ್ಜಿಸಿ, ಆಮೇಲೆ ಮೆಲ್ಲಗೆ, "ಶರಣಪ್ಪಣ್ಣ, ಒಂದು ಬೀಡಿ ಕೊಡ್ರಿ" ಎನ್ನುತ್ತಿದ್ದ. ಹೆಜ್ಜೆ ಹಾಕುವವರ ಗೆಜ್ಜೆ, ಹಲಗೆಯ ಪೆಟ್ಟು, ಕುಣಿಯ ಬೆಂಕಿಗೆ ಹರಕೆಯವರು ಎಸೆದ ಉಪ್ಪು ಚಟಚಟ ಸಿಡಿಯುವ ಸದ್ದು. ನಾನು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜೋಳ, ಬೆಲ್ಲ, ಕೊಬ್ಬರಿ ಚೂರು ಬೇಡುತ್ತಿದ್ದೆ. ಮೂರನೆಯ ಜಮಾತಿನಲ್ಲಿ ನನ್ನ ಜೊತೆ ಓದುತ್ತಿದ್ದ ಈರಮ್ಮ, "ಬಂದ್ಲವಾ ಫಕೀರವ್ವ! ಲೆಕ್ಕಾ ಬರದಾಕಿಗೆ ಭಿಕ್ಷಾನ ಗತಿ" ಎಂದು ಹಲ್ಲು ಕಿಸಿದಳು. ಅವಳ ಅವ್ವ ಅವಳ ತಲೆಗೆ ಮೊಟಕಿ, ನನ್ನ ಕಾಲು ಮುಟ್ಟಿ ನಮಸ್ಕರಿಸಿ ಜೋಳಿಗೆಗೆ ಜೋಳ ಸುರಿದಳು. ಈರಮ್ಮನ ಮುಖ ನೋಡುವಂತಿತ್ತು.

ಕೊನೆಯ ದಿನ ಮಧ್ಯಾಹ್ನ ನವಿಲುಗರಿ, ಚೆಂಡುಹೂ ಕಟ್ಟಿದ ದೇವರುಗಳನ್ನು ಹೊತ್ತು ಊರೆಲ್ಲ ಹಳ್ಳಕ್ಕೆ ನಡೆಯಿತು. "ಹಸೇನ್, ಹುಸೇನ್" ಎಂದು ಕೂಗುವ ದನಿಗಳಲ್ಲಿ ಗೌಡರದೇ ದೊಡ್ಡ ದನಿ. ತಿರುಗಿ ಬರುವಾಗ ಅಪ್ಪ ಅಂಗಡಿಯ ಮುಂದೆ ಹರವಿಯಲ್ಲಿ ಬೆಲ್ಲ, ಯಾಲಕ್ಕಿಯ ಶರಬತ್ತು ಇಟ್ಟು ಎಲ್ಲರಿಗೂ ಕೊಟ್ಟ.

ಅಪ್ಪ ನಿಲ್ಲಿಸುವುದು ಇಲ್ಲೇ.

ಮೂರನೆಯ ದಿನ ಮುಂಜಾನೆ ಅವ್ವ ನನ್ನ ಕೈ ಹಿಡಿದು ಮಸೂತಿಗೆ ಹೋದಳು. ಅಲ್ಲಿ ಸಣ್ಣಗೌಡನ ಬಂಡಿ ಎತ್ತು ಹೂಡಿ ನಿಂತಿತ್ತು. ಒಳಗೆ ಅತ್ತಿಯ ಗಂಟುಮೂಟೆ ಆಗಲೇ ಏರಿತ್ತು. ಸಣ್ಣಗೌಡ ಬಾರಕೋಲಿನಿಂದ ಗಾಲಿ ತಟ್ಟುತ್ತ, "ಲಗೂನ ಬಿಚ್ಚಿಸ್ಕೋಳ್ರಿ ಅಕ್ಕಾರ. ಬಿಸಲಾಗೂದ್ರಾಗ ಇವರನ್ನ ಪಾಮನಕಲ್ಲೂರು ಮುಟ್ಟಿಸಬೇಕು" ಅಂದ.

ಅವ್ವ ಬಂಡಿಯನ್ನು ನೋಡಿದಳು. ಮಾಮನನ್ನು ನೋಡಿದಳು. ಕೂತು ಮಾತಾಡುವುದು ಆಗಿದೆ, ಮಾಮನನ್ನು ಕೂರಿಸದೆಯೇ ಆಗಿದೆ ಎಂಬುದು ಅವಳಿಗೆ ಹೊಳೆದಿರಬೇಕು. ನನ್ನ ಹಣೆಯ ಮೇಲೆ ಕೈಯಿಟ್ಟಳು.

"ಅಯ್ಯ, ಕೂಸಿನ ಮೈ ಕಾದೈತಲ್ಲಣ್ಣಾ. ಮೈ ಕಾದಾಗ ಲಾಡಿ ಬಿಚ್ಚಬಾರದು ಹೌದಿಲ್ಲೋ?"

"ನನ್ನ ಮೈ ಕಾದಿಲ್ಲಬೇ" ಅಂದೆ ನಾನು. ತೋಳಿನ ಒಳಬದಿಗೆ ಎಂಥ ಚಿವುಟು ಬಿತ್ತೆಂದರೆ ಕಣ್ಣಲ್ಲಿ ನೀರು ಬಂತು. "ನೋಡ್ರಿ, ಕಣ್ಣೂ ಕೆಂಪಾಗ್ಯಾವ" ಅಂದಳು ಅವ್ವ.

ಮಾಮ ಅವ್ವನ ಮುಖವನ್ನೇ ನೋಡುತ್ತಿದ್ದ. ಆಮೇಲೆ ನಿಧಾನಕ್ಕೆ, "ಹೌದು ತಂಗಿ. ಬಿಚ್ಚಬಾರದು" ಅಂದ.

"ಎಂದ ಇಳೀತೈತ್ರಿ ಜ್ವರಾ?" ಸಣ್ಣಗೌಡ ಕೇಳಿದ.

"ಅದನ್ನ ಜ್ವರಕ್ಕ ಕೇಳ್ರಿ" ಅಂದಳು ಅವ್ವ.

ಅತ್ತಿ ಬಂಡಿಯಿಂದ ತನ್ನ ಗಂಟನ್ನು ತಾನೇ ಇಳಿಸಿಕೊಂಡಳು.

ಆಮೇಲಿನ ದಿನಗಳಲ್ಲಿ ನಡೆದದ್ದು ಯಾವ ಸಭೆಯ ಭಾಷಣದಲ್ಲೂ ಬರುವುದಿಲ್ಲ. ಜ್ವರ ಇಳಿಯಲಿಲ್ಲ. ಒಮ್ಮೆ ಜ್ವರ, ಒಮ್ಮೆ ಹೊಟ್ಟೆನೋವು, ಒಮ್ಮೆ ದಿನ ಚಲೋ ಇಲ್ಲ, ಒಮ್ಮೆ ಅವ್ವ ಕನಸಿನಲ್ಲಿ ಹಸಿರು ಶಾಲು ಕಂಡಳು. ಸಣ್ಣಗೌಡ ಆಳು ಕಳಿಸಿ ಕೇಳುತ್ತಿದ್ದ, ಅವ್ವ ಹೊಸ ಕಾರಣ ಹೇಳಿ ಕಳಿಸುತ್ತಿದ್ದಳು. ನನ್ನ ಕೊರಳ ಲಾಡಿಯನ್ನು ಕಿತ್ತೊಗೆಯಲು ಅವನಿಗೆ ಒಂದು ಬೆರಳು ಸಾಕಿತ್ತು. ಒಬ್ಬ ಮನುಷ್ಯನ ಮನೆಯನ್ನೂ ಹೊಲವನ್ನೂ ಹಿಡಿಯಲು ಹೆದರದವನು ಮೂರೆಳೆ ನೂಲಿಗೆ ಹೆದರಿದ. ದಾರಿಯಲ್ಲಿ ನಾನು ಎದುರಾದರೆ ಪಕ್ಕಕ್ಕೆ ಸರಿದು, ಬೈಯುವ ಬಾಯಿಯಿಂದಲೇ ಕೈ ಮುಗಿದು ಹೋಗುತ್ತಿದ್ದ. ಲಾಡಿ ಬಿಚ್ಚದೆ ಮುಲ್ಲಾ ಊರು ಬಿಡುವಂತಿಲ್ಲ. ಮುಲ್ಲಾ ಊರಲ್ಲಿರುವ ತನಕ ಅವನಿಗೆ ಮನೆ ಬೇಕಲ್ಲ ಎಂಬ ಮಾತು ಅಳಿಯುವಂತಿಲ್ಲ. ಅವ್ವ ಹೂಡಿದ ವಾದ ಇಷ್ಟೇ. ಅವಳು ಯಾವ ಚರ್ಚಾಕೂಟಕ್ಕೂ ಹೋದವಳಲ್ಲ.

ವಾದ ಸ್ವಲ್ಪ ಗೆದ್ದಿತು ಕೂಡ. ಅತ್ತಿ ದಿನಾ ಮುಂಜಾನೆ ಹೋಗಿ ತನ್ನ ಮನೆಯ ಅಂಗಳ ಕಸಗುಡಿಸಿ, ನೀರು ಚಿಮುಕಿಸಿ, ಮೇವು ತುಂಬಿದ ಬಾಗಿಲ ಮುಂದೆ ಕುಳಿತು ಬರುತ್ತಿದ್ದಳು. ನೀರಿಗೆ ಹೋಗುವ ಹೆಂಗಸರು ನೋಡುತ್ತಿದ್ದರು. ಕೊನೆಗೆ ಗೌಡರ ಹೆಂಡತಿಯೇ ಆಳುಗಳನ್ನು ಕಳಿಸಿ ಪಡಸಾಲೆಯಷ್ಟರ ಮೇವು ತೆಗೆಸಿದರು. ಅಂದು ಅತ್ತಿ ಅಲ್ಲಿ ಒಲೆ ಹೂಡಿ ರೊಟ್ಟಿ ಬಡಿದಳು. ಮೊದಲ ರೊಟ್ಟಿಗೆ ಪುಂಡಿಪಲ್ಯ ಹಚ್ಚಿ ನನಗೇ ಕೊಟ್ಟಳು. "ತಿನ್ನು, ಇದು ನಿನ್ನ ಕೊಳ್ಳಿನ ಪುಣ್ಯ" ಅಂದಳು. ನನಗೆ ಪುಣ್ಯ ಬೇಕಿರಲಿಲ್ಲ, ಕೆರವು ಬೇಕಿತ್ತು. ಚಳಿಗೆ ಹಿಮ್ಮಡಿ ಒಡೆದಿದ್ದವು, ಎಣ್ಣೆ ಕಾಣದ ತಲೆ ಜಡೆಗಟ್ಟಿತ್ತು, ಜಾಲಿಮುಳ್ಳು ನಟ್ಟ ಬಲಗಾಲು ಕೀವಾಗಿ ನಾನು ಕುಂಟುತ್ತಿದ್ದೆ. "ಬಿಚ್ಚಿಸಬೇ" ಎಂದು ಅತ್ತರೆ ಅವ್ವ ಅರಿಶಿನ ಬಿಸಿ ಮಾಡಿ ಹಚ್ಚುತ್ತಿದ್ದಳು. "ಇನ್ನ ಸ್ವಲ್ಪ ದಿನ ಯವ್ವಾ. ಒಳಕೋಣಿ ಖಾಲಿ ಆಗ್ಲಿ."

ಒಳಕೋಣೆ ಖಾಲಿಯಾಗಲಿಲ್ಲ. ಅದಕ್ಕೆ ಮೊದಲು ನಮ್ಮ ಅಂಗಡಿ ಖಾಲಿಯಾಗತೊಡಗಿತು. ಗೌಡರ ಮನೆಯ ಆಳು ನಮ್ಮ ಅಂಗಡಿಯ ಮುಂದೆಯೇ ಹಾದು ಮಸ್ಕಿಯ ಸಂತೆಯಿಂದ ಎಣ್ಣೆ, ಬೆಲ್ಲ ಹೊತ್ತು ತಂದ. ಅವನ ಹಿಂದೆ ಇನ್ನೂ ಕೆಲವರು. ಲೂಟಿಯಾದ ಅಂಗಡಿಯನ್ನು ಅಪ್ಪ ಮತ್ತೆ ಎಬ್ಬಿಸಿ ನಿಲ್ಲಿಸಿ ಎಷ್ಟು ದಿನವಾಗಿತ್ತು? ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು.

"ನಾವು ಹೊಳಿ ಆಚಿ ಬಿದ್ದಾಗ ನಮ್ಮ ಸಲುವಾಗಿ ಯಾರು ಲಾಡಿ ಕಟಗೊಂಡಿದ್ರು? ನನ್ನ ಅಂಗಡಿ ಬಾಗಲಾ ಮುರದವರು ಯಾರು?"

"ಮಾಬುಸಾಬಣ್ಣ ಮುರದನೇನು?"

"ಅಂವಾ ಮುರದಾನ ಅಂದ್ನೇನ ನಾ?"

"ಮತ್ತ ಯಾರು ಮುರದದ್ದಕ್ಕ ಯಾರು ಮನಿ ಬಿಡಬೇಕು?"

ಅಪ್ಪ ದೀಪದ ಬತ್ತಿ ಏರಿಸಿದ. ಆ ಬೆಳಕಿನಲ್ಲಿ ನನ್ನ ಕಾಲಿನ ಕಡೆ ನೋಡಿ, "ಆ ಹುಡುಗಿ ಕಾಲು ಕೊಳತು ಹೋಗ್ಲಿ, ನಿನ್ನ ನ್ಯಾಯ ಗೆಲ್ಲಲಿ" ಅಂದ. ಅವ್ವ ಅರಿಶಿನದ ಬಟ್ಟಲು ತಂದು ನನ್ನ ಕಾಲ ಬಳಿ ಕುಳಿತಳು. ಅಪ್ಪನ ಆ ಮಾತನ್ನು ಇಂದಿಗೂ ನಾನು ಸುಳ್ಳೆನ್ನಲಾರೆ. ಅಪ್ಪ ಕೆಟ್ಟವನೆಂದು ಸಾಧಿಸಲು ನಾನು ಇದನ್ನು ಬರೆಯುತ್ತಿಲ್ಲ. ಅವನು ಮುರಿದ ಬಾಗಿಲನ್ನು ಒಮ್ಮೆ ಕಂಡವನು, ಇನ್ನೊಮ್ಮೆ ಕಾಣಲಾರದವನು.

ಮರುದಿನ ಮುಂಜಾನೆ ಮಂಜು ಇನ್ನೂ ಇಳಿಯುತ್ತಿತ್ತು. ಅಪ್ಪ ಅಂಗಡಿ ತೆರೆಯದೆ ಮಸೂತಿಯ ಕಡೆ ಹೋದದ್ದನ್ನು ನಾನು ಹೊಸ್ತಿಲಲ್ಲಿ ಕುಳಿತು ನೋಡಿದೆ. ಮಸೂತಿಯ ಕಟ್ಟೆ ನಮ್ಮ ಮನೆಯಿಂದ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಇಬ್ಬರೂ ಕಂಬಳಿ ಹೊದ್ದು ಕುಳಿತಿದ್ದರು. ಅಪ್ಪನೇ ಮಾತಾಡುತ್ತಿದ್ದ. ಮಾಮ ನೆಲ ನೋಡುತ್ತ ಕೇಳುತ್ತಿದ್ದ. ಒಮ್ಮೆ ತಲೆಯೆತ್ತಿ ಏನೋ ಕೇಳಿದ, ಅಪ್ಪ ಉತ್ತರ ಕೊಟ್ಟ. ಮತ್ತೆ ಅವನು ತಲೆಯೆತ್ತಲಿಲ್ಲ. ಅಪ್ಪ ಎದ್ದು ಅಂಗಡಿಗೆ ಹೋದ, ನೇರವಾಗಿ, ಮನೆಗೆ ಬರದೆ.

ಬಿಸಿಲು ಏರುವ ಹೊತ್ತಿಗೆ ಮಾಮ ನಮ್ಮ ಅಂಗಳಕ್ಕೆ ಬಂದ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಕಾಲು ಎತ್ತಿ ನೋಡಿ, "ತೌಬಾ, ತೌಬಾ" ಅಂದ. ಆಮೇಲೆ ಅವನ ಕೈ ನನ್ನ ಕೊರಳಿಗೆ ಹೋಯಿತು. ಹಿಟ್ಟಿನ ಕೈಯಲ್ಲೇ ಅವ್ವ ಒಳಗಿಂದ ಓಡಿ ಬಂದಳು.

"ಬ್ಯಾಡಣ್ಣಾ! ಇನ್ನೂ ಆಗಿಲ್ಲ. ಮೈ ಕಾದೈತಿ."

"ಕಾದಿಲ್ಲ ತಂಗಿ" ಅಂದ ಮಾಮ. ದನಿ ತುಂಬ ಮೆತ್ತಗಿತ್ತು. "ಕೂಸಿನ ಕೊಳ್ಳಾಗ ನನ್ನ ಮನಿ ಎಷ್ಟು ದಿನಾ ಜೋತು ಹಾಕ್ತೀಯವ್ವಾ?"

ಗಂಟು ಬಿಗಿದು ಕಲ್ಲಾಗಿತ್ತು. ಅವನು ಅದನ್ನು ಉಗುರಿನಿಂದ ಒಂದೊಂದೇ ಎಳೆ ಸಡಿಲಿಸುತ್ತಿದ್ದಾಗ ಅವನ ಬಾಯಿ ಓದಿಕೆಯನ್ನು ಗುನುಗುತ್ತಿತ್ತು. ಲಾಡಿ ಕೊರಳಿಂದ ಸರಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಒಂಟಿಕಾಲಲ್ಲಿ ಕುಣಿದೆ. ಅವ್ವ ಗೋಡೆಗೆ ಆನಿಕೊಂಡು ನಿಂತಿದ್ದಳು. ನಾನು ಕುಣಿಯುವುದನ್ನು ನೋಡಿ ಮಾಮ ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅಂದೇ ಮಧ್ಯಾಹ್ನ ಅವರಿಬ್ಬರೂ ಹೋದರು. ಸಣ್ಣಗೌಡನ ಬಂಡಿ ಬೇಡವೆಂದರಂತೆ. ಅಪ್ಪನೇ ನಮ್ಮ ಬಂಡಿಯಲ್ಲಿ ಬಿಟ್ಟುಬಂದ. ಊರಿನವರು, "ಇರು ಅಂದ್ರ ಇರಲಿಲ್ಲ ನೋಡ್ರಿ, ತಾನ ಲಾಡಿ ಬಿಚ್ಚಿ ತಾನ ಹೋದ" ಅಂದರು. ಅದೂ ನಿಜ. ತಾನೇ ಬಿಚ್ಚಿದ, ತಾನೇ ಹೋದ. ಗೌಡರ ಮನೆಯವರು ಮತ್ತೆ ನಮ್ಮ ಅಂಗಡಿಗೆ ಬಂದರು. ನನ್ನ ಕಾಲು ವಾಸಿಯಾಯಿತು. ಅವ್ವ ಅಂದು ಕಟ್ಟೆಯಲ್ಲಿ ಏನು ಮಾತಾಯಿತೆಂದು ಅಪ್ಪನನ್ನು ಯಾವತ್ತೂ ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನೆಂದು ಅಂಜಿದ್ದಳೇನೋ. ಅವಳು ಮುಂದಿನ ಅಲಾಯಿಗಳಿಗೆ ಚೊಂಗೆ ಮಾಡಿದಳು, ಬೇರೆಯವರ ಕೈಯಲ್ಲಿ ಕಳಿಸಿದಳು, ತಾನು ಮಾತ್ರ ಮಸೂತಿಯ ಮೆಟ್ಟಿಲು ಹತ್ತಲಿಲ್ಲ.

ಈಗ ನಮ್ಮೂರಿನ ಅಲಾಯಿ ಇನ್ನೂ ಜೋರು. ಮುಲ್ಲಾ ಸಿಂಧನೂರಿನಿಂದ ಮೋಟಾರಿನಲ್ಲಿ ಬರುತ್ತಾನೆ, ಓದುತ್ತಾನೆ, ಸಂಜೆಯ ಮೋಟಾರಿಗೆ ಹೋಗುತ್ತಾನೆ. ಯಾವ ಮನೆತನದ ಓದಿಕೆ ಎಂದು ಯಾರೂ ಕೇಳುವುದಿಲ್ಲ, ದನಗಳೂ ಸಾಯುತ್ತಿಲ್ಲ. ಲಾಡಿ ಸಂತೆಯಲ್ಲಿ ಸಿಗುತ್ತದೆ, ತಾಯಂದಿರೇ ಕಟ್ಟಿ ತಾಯಂದಿರೇ ಬಿಚ್ಚುತ್ತಾರೆ. ಇನಾಮಿನ ಹೊಲದ ಬದುವಿಗೆ ಕಾಲುವೆಗೆಂದು ಅಗೆದ ಕೆಂಪು ಮಣ್ಣಿನ ದಿಬ್ಬ ಬಂದು ನಿಂತಿದೆ, ಸಣ್ಣಗೌಡ ಮುಂದಿನ ವರ್ಷ ಭತ್ತ ಹಚ್ಚುವ ಮಾತಾಡುತ್ತಾನೆ. ಹರಕೆ, ಕನಸು, ದೇವರು ಏಳುವುದು, ಇವುಗಳಲ್ಲಿ ಒಂದನ್ನೂ ನಂಬದ ನನಗೆ ಇದೆಲ್ಲ ಸಮಾಧಾನ ತರಬೇಕಿತ್ತು. ತರುವುದಿಲ್ಲ. ಆ ವರ್ಷ ನಮ್ಮೂರಲ್ಲಿ ಕಾನೂನು ಒಬ್ಬನಿಗೆ ಮನೆ ಉಳಿಸಿಕೊಡಲಿಲ್ಲ, ನೆರೆತನ ಉಳಿಸಿಕೊಡಲಿಲ್ಲ. ಒಂದು ಪಡಸಾಲೆಯನ್ನು, ಅದೂ ಕೆಲವೇ ದಿನ, ಉಳಿಸಿಕೊಟ್ಟದ್ದು ನಾನು ನಂಬದ ಆ ನೂಲು. ಬಲವುಳ್ಳವರೂ ಮುಟ್ಟಲು ಅಂಜುವಂಥದ್ದು ಊರಿನಲ್ಲಿ ಒಂದಾದರೂ ಆಗ ಇತ್ತು. ಅದು ಹೋದ ಜಾಗದಲ್ಲಿ ನಾವು ಇನ್ನೂ ಏನನ್ನೂ ತಂದಿಟ್ಟಿಲ್ಲ. ಭಾಷಣಗಳನ್ನು ಬಿಟ್ಟರೆ.

ಅಪ್ಪಾ, ಲಿಂಗಸುಗೂರಿನಿಂದ ಬರುವಾಗ ಮೋಟಾರಿನಲ್ಲಿ ನಿನ್ನ ಪಕ್ಕದಲ್ಲೇ ಕುಳಿತಿದ್ದೆ. ಕೇಳಬೇಕೆಂದು ಬಾಯಿ ತೆರೆದೆ, ನೀನು ಕೊರಳಿನ ಹಾರದ ಹೂವು ಬಿಡಿಸಿ ನನ್ನ ಮಡಿಲಿಗೆ ಹಾಕಿದೆ, ಆಗಲಿಲ್ಲ. ಈಗ ಬರೆದು ಕೇಳುತ್ತಿದ್ದೇನೆ. ಅವತ್ತು ಮಂಜಿನಾಗ ಮಸೂತಿ ಕಟ್ಟಿ ಮ್ಯಾಲ ಕುಂತಾಗ ಮಾಮ ಒಮ್ಮೆ ತಲಿ ಎತ್ತಿ ನಿನ್ನ ಏನು ಕೇಳಿದ, ನೀ ಏನು ಹೇಳಿದಿ?